ಜೌಗಿನ ಯಜಮಾನಿಕೆ

ವಿನಿಪೆಗ್
ಮೇ 9, 1994

ರೂನಾ,

ನೀನು ಕ್ಯಾಂಪು ಸೇರಿದೆ ಎಂದು ಅಲ್ಲಿನ ಅಂಗಡಿಯವನು ಫೋನಿನಲ್ಲಿ ಹೇಳಿದ. ಸಮಾಧಾನವಾಯಿತು. ನನ್ನ ಸೊಂಟದ ಹಳೆಯ ಕೀಲು ತೆಗೆದು ಉಕ್ಕಿನದೊಂದನ್ನು ಕೂರಿಸಿದ್ದಾರೆ. "ಈ ಬೇಸಿಗೆ ದೋಣಿ ಅನ್ನೋ ಮಾತೇ ಎತ್ತಬೇಡಿ, ಹಾಲ್ಡೋರಾ" ಎಂದು ಡಾಕ್ಟರ್ ನಗುನಗುತ್ತಲೇ ಹೇಳಿದ. ಅವನ ಹಲ್ಲು ಉದುರಿಸಬೇಕು ಅನ್ನಿಸಿತು.

"ಒಂದು ವರ್ಷ ಲೆಕ್ಕ ನಿಲ್ಲಿಸಿದರೆ ಏನು ಮುಳುಗತ್ತೆ ಅಕ್ಕ?" ಎಂದು ಕೇಳಿದೆಯಲ್ಲ, ಆಗ ಸಿಟ್ಟು ಬಂದು ಫೋನ್ ಇಟ್ಟುಬಿಟ್ಟೆ. ಈಗ ಹೇಳುತ್ತೇನೆ. ಇಪ್ಪತ್ತು ವರ್ಷದಿಂದ ಅದೇ ಜೌಗಿನಲ್ಲಿ ಅದೇ ಕರಿ ರೀವ ಹಕ್ಕಿಗಳ ಗೂಡು ನೋಡುತ್ತಿದ್ದೇವೆ. ಯಾವುದು ಎಲ್ಲಿ ಮೊಟ್ಟೆ ಇಟ್ಟಿತು, ಎಷ್ಟು ಮರಿ ಬದುಕಿದವು, ಹೋದ ವರ್ಷ ಕಾಲಿಗೆ ಗುರುತಿನ ಉಂಗುರ ತೊಡಿಸಿದ್ದರಲ್ಲಿ ಯಾವುದು ಕಡಲು ದಾಟಿ ತಿರುಗಿ ಬಂತು, ಇಷ್ಟೇ ನಮ್ಮ ಕೆಲಸ. ನಡುವೆ ಒಂದು ವರ್ಷ ಬಿಟ್ಟುಹೋದರೆ ಅದು ಕಾಲುಚೀಲದ ತೂತಲ್ಲ, ಆಮೇಲೆ ಕೂತು ಹೊಲಿಯಲಿಕ್ಕೆ.

ನಿನ್ನನ್ನು ಕರೆದದ್ದು ಬೇರೆ ಯಾರೂ ಸಿಗಲಿಲ್ಲವೆಂದು. ಬೇಜಾರು ಮಾಡಿಕೊಳ್ಳಬೇಡ. ನಿಮ್ಮೂರಿನ ಶಾಲೆ ಮುಚ್ಚಿ, ಬಸ್ಸು ಓಡಿಸುವ ಕೆಲಸ ಹೋಗಿ ಮನೆಯಲ್ಲಿ ಸುಮ್ಮನೆ ಕೂತಿದ್ದೆ ನೀನು. ಅಡುಗೆ ಮಾಡು, ವ್ಯಾನು ಓಡಿಸು, ಹುಡುಗರು ನೀರಿಗೆ ಇಳಿದಾಗ ದಡದಲ್ಲಿ ರೇಡಿಯೋ ಹಿಡಿದು ಕೂರು. ಹಕ್ಕಿಗಳನ್ನು ತಾರಸ್ ನೋಡಿಕೊಳ್ಳುತ್ತಾನೆ. ಅವನು ನನ್ನ ಕೈಯಲ್ಲೇ ಪಳಗಿದ ವಿದ್ಯಾರ್ಥಿ. ಕೊಲೆಟ್ ಈ ವರ್ಷ ಹೊಸಬಳು, ಅವಳನ್ನು ಒಬ್ಬಳೇ ಎಲ್ಲಿಗೂ ಕಳಿಸಬೇಡ. ಕಿಟಕಿ ಪಕ್ಕದ ಹಾಸಿಗೆ ನನ್ನದು. ನೀನು ಒಲೆಯ ಹತ್ತಿರದ್ದರಲ್ಲಿ ಮಲಗು, ಬೆಚ್ಚಗಿರುತ್ತದೆ.

ನಿನ್ನ ಅಕ್ಕ
ಹಾಲ್ಡೋರಾ

*

ಕ್ಯಾಂಪು
ಮೇ 30

ಪ್ರೀತಿಯ ಅಕ್ಕ,

ಅವು ಬಂದವು! ನಿನಗೆ ಹಳೆಯದಿರಬಹುದು, ನನಗೆ ಹೊಸದು. ಹದಿನೈದು ದಿನದ ಹಿಂದೆ ಒಂದು ಬೆಳಿಗ್ಗೆ ಪಾತ್ರೆ ತೊಳೆಯುತ್ತಿದ್ದೆ. ತಲೆ ಎತ್ತಿದರೆ ಆಕಾಶದ ತುಂಬ ಸುಟ್ಟ ಕಾಗದದ ಚೂರುಗಳ ಹಾಗೆ ಹಾರಾಡುತ್ತಿವೆ. ತಾರಸ್ ಕೈಯಲ್ಲಿದ್ದ ರೊಟ್ಟಿ ಬಿಸಾಕಿ ಕುಣಿದ.

ನೀನು ಬೈಯುತ್ತೀಯ, ಆದರೂ ಹೇಳಿಬಿಡುತ್ತೇನೆ. ಮೊನ್ನೆ ದೋಣಿ ಹತ್ತಿದೆ. ಕೊಲೆಟ್‌ಗೆ ಜ್ವರ ಬಂದಿತ್ತು, ತಾರಸ್ ಒಬ್ಬನೇ ಹೋಗುವ ಹಾಗಿಲ್ಲ. ಅವಳು ದಡದಲ್ಲಿ ಕಂಬಳಿ ಹೊದ್ದು ರೇಡಿಯೋ ಹಿಡಿದಳು, ನಾನು ದೋಣಿ ತಳ್ಳುವ ಗಳ ಹಿಡಿದೆ. ಕೊಳೆತು ತೇಲುತ್ತಿರುವ ಜಂಬುಹುಲ್ಲಿನ ಮೇಲೆ, ಗೂಡೆಂದು ಕರೆಯಲೂ ನಾಚಿಕೆಯಾಗುವಂಥ ಒದ್ದೆ ಗುಡ್ಡೆಯಲ್ಲಿ, ಮೂರು ಮೊಟ್ಟೆ. ಮೊಟ್ಟೆಯನ್ನು ಲೋಟದ ನೀರಿನಲ್ಲಿ ಬಿಟ್ಟು, ಅದು ಹೇಗೆ ತೇಲುತ್ತದೆ ಎಂಬುದರ ಮೇಲೆ ಎಷ್ಟು ಹಳೆಯದೆಂದು ಹೇಳುವುದನ್ನು ತಾರಸ್ ಕಲಿಸಿಕೊಟ್ಟ. ಮೂರನ್ನೂ ನಾನೇ ಬಿಟ್ಟು ತೆಗೆದೆ, ಒಂದೂ ಒಡೆಯಲಿಲ್ಲ ಅಕ್ಕ. "ಬಸ್ ಓಡಿಸಿದ ಕೈ ಅಲ್ವಾ" ಎಂದ.

ಒಂದು ವಿಚಿತ್ರ. ಅವನ ತಲೆಗೆ ರೀವಗಳು ಕುಟ್ಟಿ ಕುಟ್ಟಿ ಟೋಪಿ ತೂತು ಮಾಡಿದವು. ನನ್ನನ್ನು ಒಂದೂ ಮುಟ್ಟಲಿಲ್ಲ. "ಹಾಲ್ಡೋರಾ ಅವರಿಗೆ ಪ್ರತಿ ವರ್ಷ ರಕ್ತ ಬರತ್ತೆ, ನಿಮ್ಮನ್ನ ನೋಡಿದರೆ ನೆಂಟರು ಬಂದ ಹಾಗೆ ಸುಮ್ಮನಿವೆಯಲ್ಲ!" ಎಂದು ತಾರಸ್ ದಾರಿಯುದ್ದಕ್ಕೂ ನಕ್ಕ.

ಪಿಕರಲ್ ಮೀನು ಹುರಿದು ಹಾಕಿದೆ, ತಟ್ಟೆ ನೆಕ್ಕಿದರು. ಹೋದ ವರ್ಷವೆಲ್ಲ ಡಬ್ಬಿಯ ಸಾರೇ ಗತಿಯಾಗಿತ್ತಂತೆ!

ನಿನ್ನ
ರೂನಾ

ಒಲೆಯ ಹತ್ತಿರ ಸೊಳ್ಳೆ ಜಾಸ್ತಿ. ಕಿಟಕಿ ಪಕ್ಕಕ್ಕೆ ಬಂದಿದ್ದೇನೆ.

*

ವಿನಿಪೆಗ್
ಜೂನ್ 4

ರೂನಾ,

ಹಕ್ಕಿ ತಲೆ ಕುಟ್ಟಲಿಲ್ಲವೆಂದರೆ ನೀನು ಗೂಡಿನಿಂದ ದೂರ ನಿಂತಿದ್ದೆ ಎಂದರ್ಥ. ನೆಂಟಸ್ತನ ಏನೂ ಇಲ್ಲ. ಇಪ್ಪತ್ತು ವರ್ಷ ನನ್ನ ನೆತ್ತಿಯ ಮೇಲೆ ಗಾಯ ಮಾಡಿವೆ ಅವು. ಯಾಕೆಂದರೆ ನಾನು ಬಗ್ಗಿ ನೋಡುತ್ತೇನೆ.

ಜ್ವರ ಬಂದರೆ ಆ ದಿನ ರಜೆ. ಅದು ನಿಯಮ. ಗಳ ಹಿಡಿಯುವುದು ನಿನ್ನ ಕೆಲಸವಲ್ಲ.

ಡಬ್ಬಿಯ ಸಾರಿನ ಬಗ್ಗೆ: ನಾವು ಹಕ್ಕಿ ನೋಡಲು ಹೋಗುತ್ತಿದ್ದೆವು, ಊಟಕ್ಕಲ್ಲ.

ತಾರಸ್ ಪ್ರತಿ ಭಾನುವಾರ ಅಂಗಡಿಯಿಂದ ನನಗೆ ಫೋನ್ ಮಾಡುತ್ತಿದ್ದ. ಎರಡು ಭಾನುವಾರದಿಂದ ಇಲ್ಲ. ಅವನು ಕೆಲಸದಲ್ಲಿದ್ದರೆ ತೊಂದರೆ ಕೊಡಬೇಡ. ಸುಮ್ಮನೆ ಕೇಳಿದೆ.

ಹಾಲ್ಡೋರಾ

*

ಕ್ಯಾಂಪು
ಜೂನ್ 22

ಅಕ್ಕ,

ತಡವಾಯಿತು, ಕೆಲಸ ತಲೆಯ ಮೇಲಿದೆ. ತಿಂಗಳ ಮೊದಲಲ್ಲಿ ಉತ್ತರದ ಗಾಳಿ ಎದ್ದು ಸರೋವರದ ನೀರನ್ನು ಜೌಗಿನೊಳಕ್ಕೆ ನುಗ್ಗಿಸಿತು. ಪಡುವಣ ಅಂಚಿನ ಗೂಡುಗಳು ಕೊಚ್ಚಿಹೋದವು. ಕೊಲೆಟ್ ಅತ್ತಳು. ಉಳಿದ ಕಡೆ ಮಾತ್ರ ಗೂಡೋ ಗೂಡು. ತಾರಸ್ ಇಷ್ಟೊಂದು ಯಾವ ವರ್ಷವೂ ನೋಡಿಲ್ಲವಂತೆ. ಮೊಟ್ಟೆ ಒಡೆದು ಮರಿಗಳು ಬರತೊಡಗಿವೆ.

ಡಾ. ಲವಾಲೆ ಬಂದಿದ್ದರು. ಇಷ್ಟು ದೊಡ್ಡ ಅಧ್ಯಯನದ ಮುಖ್ಯಸ್ಥೆ ಎಂದರೆ ಬಿಗುಮಾನದ ಹೆಂಗಸಿರಬೇಕು ಎಂದುಕೊಂಡಿದ್ದೆ. ನಮ್ಮಜ್ಜಿಯ ಹಾಗೆ ಸಕ್ಕರೆ ಅಚ್ಚನ್ನು ಹಲ್ಲಿನ ನಡುವೆ ಕಚ್ಚಿಕೊಂಡೇ ಕಾಫಿ ಕುಡಿದರು! ಅವರನ್ನು ನಾನೇ ದೋಣಿಯಲ್ಲಿ ಕರೆದುಕೊಂಡು ಹೋದೆ. ನನ್ನ ಹೊಸ ದಾರಿಯಲ್ಲಿ. ಹೇಳಲಿಲ್ಲವಲ್ಲ ನಿನಗೆ? ನೀನು ಪಶ್ಚಿಮದ ಬಟಾಬಯಲು ನೀರಿನಿಂದ ಹೋಗುತ್ತಿದ್ದೆಯಂತೆ. ಹಾಗೆ ಹೋದರೆ ಅಷ್ಟು ದೂರದಿಂದಲೇ ಕಂಡು ಇಡೀ ಹಿಂಡು ಎದ್ದು ಕೂಗುತ್ತದೆ, ತಿರುಗಿ ಕೂರುವುದೇ ಇಲ್ಲ. ನಾವೀಗ ಪೂರ್ವದ ಕಿರುಗಾಲುವೆಯಿಂದ ಜಂಬಿನ ಮರೆಯಲ್ಲಿ ಹೋಗುತ್ತೇವೆ. ಬೇಗ ಹೋಗಿ, ಬೇಗ ಬರುತ್ತೇವೆ. ಮರಿಗಳಿಗೆ ಉಂಗುರ ತೊಡಿಸುವುದನ್ನೂ ಕಲಿತೆ. ಮರಿಯ ಕಾಲು ಬೆಂಕಿಕಡ್ಡಿಗಿಂತ ತೆಳ್ಳಗೆ, ಬೆಚ್ಚಗೆ. ಅಂಗೈಯಲ್ಲಿ ಅದರ ಎದೆ ಬಡಿಯುವುದು ನನ್ನ ಮೊಣಕೈವರೆಗೂ ಗೊತ್ತಾಗುತ್ತದೆ.

"ಎಲ್ಲಿದ್ದಿರಿ ನೀವು ಇಷ್ಟು ವರ್ಷ?" ಎಂದು ಕೇಳಿದರು ಡಾ. ಲವಾಲೆ. "ಬಸ್ಸಿನಲ್ಲಿ" ಎಂದೆ. ನಕ್ಕರು. ಹೋಗುವಾಗ, "ಮುಂದಿನ ವರ್ಷಾನೂ ಬರ್ತೀರಾ?" ಎಂದರು. ಅಕ್ಕನನ್ನು ಕೇಳಬೇಕು ಎಂದೆ. ಕೇಳುತ್ತಿದ್ದೇನೆ.

ಕ್ಯಾಂಪು ಈಗ ಮನೆ ಥರ ಇದೆ ಎನ್ನುತ್ತಾನೆ ತಾರಸ್. ನಾನು ಹೇಳಿಸಿದ್ದಲ್ಲ, ಅವನಾಗಿಯೇ ಹೇಳಿದ್ದು.

ರೂನಾ

*

ವಿನಿಪೆಗ್
ಜೂನ್ 27, 1994

ಮಾನ್ಯ ಡಾ. ಲವಾಲೆ ಅವರಿಗೆ,

ವೈಯಕ್ತಿಕ ವಿಷಯಕ್ಕೆ ಬರೆಯುತ್ತಿಲ್ಲ. ರೂನಾ ನನ್ನ ತಂಗಿ ಎಂಬುದನ್ನು ದಯವಿಟ್ಟು ಮರೆತು ಓದಿ.

ಈ ಬೇಸಿಗೆ ಗೂಡುಗಳ ಬಳಿಗೆ ಹೋಗುವ ದಾರಿಯನ್ನು ಯಾರನ್ನೂ ಕೇಳದೆ ಬದಲಿಸಲಾಗಿದೆ. ಇಪ್ಪತ್ತು ವರ್ಷ ನಾವು ಒಂದೇ ದಾರಿಯಲ್ಲಿ ಹೋಗಿದ್ದೇವೆ. ದಾರಿ ಬದಲಾದರೆ ಹಕ್ಕಿಗೆ ಆಗುವ ಕಾಟವೂ ಬದಲಾಗುತ್ತದೆ. ಈ ವರ್ಷ ಮರಿಗಳು ಹೆಚ್ಚು ಬದುಕಿದರೆ ಅದು ನೀರು ಚೆನ್ನಾಗಿದ್ದುದರಿಂದಲೋ, ದಾರಿ ಬೇರೆಯಾದುದರಿಂದಲೋ ಎಂದು ಮುಂದೆ ಯಾರೂ ಹೇಳಲಾರರು. ಇದು ನಿಮಗೆ ನಾನು ಹೇಳಿಕೊಡಬೇಕಾದ ಮಾತಲ್ಲ.

ಎರಡನೆಯದಾಗಿ, ಉಂಗುರ ತೊಡಿಸುವ ಪರವಾನಗಿಯಲ್ಲಿ ಇರುವುದು ನನ್ನ ಮತ್ತು ತಾರಸ್‌ನ ಹೆಸರು ಮಾತ್ರ. ನನ್ನ ತಂಗಿ ಒಳ್ಳೆಯ ಮನಸ್ಸಿನವಳು, ಅಡುಗೆ ಚೆನ್ನಾಗಿ ಮಾಡುತ್ತಾಳೆ. ಆದರೆ ಮರಿಗಳ ಕಾಲು ಅವಳ ಕೈಗೆ ಕೊಡುವಂಥದ್ದಲ್ಲ.

ನೀವು ತಕ್ಕದ್ದನ್ನು ಮಾಡುವಿರೆಂದು ನಂಬಿದ್ದೇನೆ.

ತಮ್ಮ ವಿಶ್ವಾಸಿ
ಹಾಲ್ಡೋರಾ ಐನಾರ್ಸನ್

*

ಕ್ಯಾಂಪು
ಜುಲೈ 4

ಹಾಲ್ಡೋರಾ,

ಡಾ. ಲವಾಲೆ ಫೋನಿನಲ್ಲಿ ನಿನ್ನ ಪತ್ರವನ್ನು ಓದಿ ಹೇಳಿದರು. ಅಂಗಡಿಯಲ್ಲಿ ಬೀಜದ ಚೀಲದ ಮೇಲೆ ಕೂತು ಪೂರ್ತಿ ಕೇಳಿಸಿಕೊಂಡೆ. "ಬರೆದದ್ದರಲ್ಲಿ ತಪ್ಪು ಹುಡುಕೋಕೆ ಆಗ್ತಿಲ್ಲ ರೂನಾ, ಅದೇ ಕಷ್ಟ" ಎಂದರು. ಪರವಾನಗಿಯ ವಿಷಯ ತೀರ್ಮಾನವಾಗುವವರೆಗೆ ಉಂಗುರದ ಕೆಲಸ ನಿಲ್ಲಬೇಕು. ಗೂಡಿನ ಹತ್ತಿರ ನಾನು ಹೋಗಬಾರದು. ಅಡುಗೆಗೆ ಬೇಕಾದರೆ ಇರಬಹುದು.

ನೀನು ಬರೆದದ್ದು ಒಂದೊಂದೂ ನಿಜ. ಉಂಗುರ ತೊಡಿಸಿದ್ದು ತಾರಸ್‌ನ ಕಣ್ಣೆದುರೇ ಆದರೂ ಪರವಾನಗಿಯಲ್ಲಿ ನನ್ನ ಹೆಸರಿಲ್ಲ, ಒಪ್ಪಿದೆ. ದಾರಿ ಬದಲಿಸುವ ಮುಂಚೆ ಕೇಳಬೇಕಿತ್ತು, ಅದೂ ಒಪ್ಪಿದೆ. ಆದರೆ ನಿನಗೆ ಜೂನ್ ಇಪ್ಪತ್ತೆರಡಕ್ಕೇ ನಾನೇ ಬರೆದು ತಿಳಿಸಿದ್ದೆನಲ್ಲ? "ರೂನಾ, ಹಾಗೆ ಮಾಡಬೇಡ, ಲೆಕ್ಕ ಕೆಡುತ್ತದೆ" ಎಂದು ನನಗೇ ಒಂದು ಸಾಲು ಗೀಚಿದ್ದರೆ ಮಾರನೆಯ ದಿನವೇ ಹಳೆಯ ದಾರಿಗೆ ಹೋಗುತ್ತಿದ್ದೆ. ನಿನಗೆ ಬೇಕಾಗಿದ್ದದ್ದು ಹಳೆಯ ದಾರಿಯಲ್ಲ. ನಾನು ದೋಣಿಯಿಂದ ಇಳಿಯಬೇಕಿತ್ತು.

ಚಿಕ್ಕವಳಿದ್ದಾಗ ದಿನಾ ಬೆಳಿಗ್ಗೆ ಬಾಗಿಲ ಹತ್ತಿರ ಬೂಟು ಹಾಕಿಕೊಂಡು ನಿಲ್ಲುತ್ತಿದ್ದೆ. ಅಪ್ಪ ಬಲೆ ಹೊತ್ತು ಹೊರಡುತ್ತಿದ್ದ, ಹಿಂದೆ ನೀನು. "ಇವಳಿಗೆ ಕೆಮ್ಮು ಅಪ್ಪ, ಇವಳು ಬೇಡ" ಎಂದು ಹೇಳುತ್ತಿದ್ದದ್ದು ಅಪ್ಪನಲ್ಲ. ಅಮ್ಮನ ಜೊತೆ ಅಡುಗೆಮನೆಯಲ್ಲಿ ಮೀನು ಸೀಳುತ್ತ ಕೂತೆ. ಐವತ್ತು ದಾಟಿದ ಮೇಲೆ ಒಂದು ಬೇಸಿಗೆ, ಒಂದೇ ಒಂದು, ನೀರಿನ ಮೇಲೆ ಇದ್ದೆ. ಅದನ್ನೂ ನಿನ್ನ ಹೊಟ್ಟೆ ತಡೆಯಲಿಲ್ಲ.

ನಾನು ಅಡುಗೆಗೆ ಮಾತ್ರ ಇರುವವಳಲ್ಲ. ನಾಳೆ ಬಸ್ಸಿಗೆ ಊರಿಗೆ ಹೊರಟೆ. ಮರಿಗಳಿಗೆ ರೆಕ್ಕೆ ಬಲಿಯುತ್ತಿದೆ, ಯಾರ ಪರವಾನಗಿಗೂ ಅವು ಕಾಯುವುದಿಲ್ಲ. ಬಾ, ನಿನ್ನ ಹಕ್ಕಿಗಳನ್ನು ನೀನೇ ನೋಡಿಕೋ.

ರೂನಾ

*

ಕ್ಯಾಂಪು
ಜುಲೈ 11

ಮಿಸ್ ಐನಾರ್ಸನ್ ಅವರಿಗೆ,

ಭಾನುವಾರಗಳಲ್ಲಿ ಫೋನ್ ಮಾಡದೆ ಇದ್ದದ್ದಕ್ಕೆ ಕ್ಷಮಿಸಿ. ಊಟ ಮಾಡಿ ಹರಟುತ್ತ ಕೂರುತ್ತಿದ್ದೆವು, ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ.

ಉಂಗುರ ಹಾಕಲು ನನಗೆ ಮೊನ್ನೆ ಅನುಮತಿ ಬಂತು. ಆದರೆ ದೋಣಿಯಲ್ಲಿ ಇಬ್ಬರು, ದಡದಲ್ಲಿ ಒಬ್ಬರು ಇರಲೇಬೇಕು ಎಂಬುದು ನೀವೇ ಮಾಡಿದ ನಿಯಮ. ನಾವು ಇರುವುದು ಇಬ್ಬರೇ. ದಡದಿಂದ ದುರ್ಬೀನು ಹಿಡಿದು ನೋಡುತ್ತ ಕೂತಿದ್ದೇವೆ. ಮೊದಲ ಮರಿಗಳೆಲ್ಲ ಹಾರಿದವು. ಹೆಚ್ಚಿನವಕ್ಕೆ ಉಂಗುರವಿಲ್ಲ. ಮುಂದಿನ ವರ್ಷ ತಿರುಗಿ ಬಂದರೂ ಅವು ನಮ್ಮವೆಂದು ಗುರುತು ಸಿಗುವುದಿಲ್ಲ.

ಗಾಳಿಗೆ ಗೂಡು ಕಳೆದುಕೊಂಡ ಜೋಡಿಗಳು ಮಾತ್ರ ಮತ್ತೆ ಮೊಟ್ಟೆ ಇಟ್ಟಿವೆ. ಆ ಮರಿಗಳು ಇನ್ನೂ ಸಣ್ಣವು. ಅವಾದರೂ ಸಿಕ್ಕಿಯಾವು, ಯಾರಾದರೂ ಬಂದರೆ.

ನಿಮ್ಮ ಮೇಲೆ ನನಗೆ ಸಿಟ್ಟಿದೆ. ನಿಮ್ಮಿಂದಲೇ ಎಲ್ಲ ಕಲಿತವನು, ಹಾಗಾಗಿ ಬೇರೆಯವರ ಹತ್ತಿರ ಹೇಳದೆ ನಿಮಗೇ ಹೇಳುತ್ತಿದ್ದೇನೆ.

ತಾರಸ್

*

ಕ್ಯಾಂಪು
ಜುಲೈ 16

ರೂನಾ,

ಟ್ಯಾಕ್ಸಿ ಮಾಡಿಕೊಂಡು ಇಲ್ಲಿಗೆ ಬಂದಿದ್ದೇನೆ. ಡಾಕ್ಟರಿಗೆ ಹೇಳಿಲ್ಲ. ಊರುಗೋಲು ಕೆಸರಿನಲ್ಲಿ ಹೂತುಹೋಗುತ್ತದೆ. ಕೊಲೆಟ್ ಹಲಗೆ ಹಾಸಿ ದೋಣಿಕಟ್ಟೆಯವರೆಗೆ ದಾರಿ ಮಾಡಿಕೊಟ್ಟಳು. ಆ ಹುಡುಗಿ ನನ್ನೊಂದಿಗೆ ಅಗತ್ಯಕ್ಕಿಂತ ಒಂದು ಮಾತು ಹೆಚ್ಚು ಆಡುವುದಿಲ್ಲ. ಒಳಗೆ ಕಿಟಕಿಗೆ ನೀನು ಹೊಲಿದ ಪರದೆ ಇದೆ. ನೋಡಿ ಮೈ ಉರಿಯಿತು. ಕಿತ್ತು ಬಿಸಾಕಬೇಕೆಂದು ಕೈ ಹಾಕಿದೆ, ಬಿಟ್ಟೆ.

ದಡದ ಕೆಲಸಕ್ಕೆ ನಾನು ಕೂತೆ, ಅವರಿಬ್ಬರೂ ದೋಣಿ ಹತ್ತಿದರು. ಮೊದಲ ದಿನ, "ನನ್ನ ದಾರಿಯಲ್ಲಿ ಹೋಗಿ" ಎಂದೆ. ಹೋದರು. ದೋಣಿ ಇನ್ನೂ ಬಯಲು ನೀರಿನಲ್ಲಿರುವಾಗಲೇ ಇಡೀ ಹಿಂಡು ಎದ್ದಿತು. ಇವರು ವಾಪಸ್ಸು ಬಂದು, ಬೂಟು ಬಿಚ್ಚಿ, ಕಾಫಿ ಕುಡಿದು ಮುಗಿಸಿದರೂ ಅರ್ಧ ಹಕ್ಕಿಗಳು ಮೇಲೇ ಕಿರುಚಾಡುತ್ತಿದ್ದವು. ಮರಿಗಳ ಮೇಲೆ ಬಿಸಿಲು. ಇಷ್ಟು ವರ್ಷ ನಾನು ದೋಣಿಯೊಳಗೇ ಇದ್ದೆ. ನಾನು ಹೋದ ಮೇಲೆ ಅಲ್ಲಿ ಏನಾಗುತ್ತದೆಂದು ದಡದಲ್ಲಿ ಕೂತು ಒಮ್ಮೆಯೂ ನೋಡಿರಲಿಲ್ಲ.

ಮಾರನೆಯ ದಿನ ನಾನು ಏನೂ ಹೇಳಲಿಲ್ಲ. ತಾರಸ್ ನನ್ನ ಮುಖ ನೋಡಿದ, ದೋಣಿಯನ್ನು ಪೂರ್ವದ ಕಾಲುವೆಗೆ ತಿರುಗಿಸಿದ. ಹಕ್ಕಿಗಳು ಎದ್ದವು, ಕೂಗಿದವು. ದೋಣಿ ಜಂಬಿನ ಹಿಂದೆ ಮರೆಯಾಗುವುದರೊಳಗೆ ಒಂದೊಂದೇ ಇಳಿದು ಕೂತವು.

ಕೂತು ಅತ್ತೆ. ಹಕ್ಕಿಗಳಿಗಾಗಿ ಅತ್ತೆನೆಂದು ಬರೆದರೆ ಚೆನ್ನಾಗಿ ಕಾಣುತ್ತದೆ. ಹಾಗಲ್ಲ. ಇದು ನನಗೆ ಹೊಳೆಯಲಿಲ್ಲವಲ್ಲ, ಒಂದೇ ತಿಂಗಳಲ್ಲಿ ನಿನಗೆ ಹೊಳೆಯಿತಲ್ಲ ಎಂದು ಅತ್ತೆ. ಹೊಟ್ಟೆಕಿಚ್ಚು ರೂನಾ. ಬೇರೆ ಹೆಸರಿಲ್ಲ ಅದಕ್ಕೆ. ಬಸ್ಸಿನವಳು, ಕೆಮ್ಮಿನವಳು, ನನ್ನ ಹಾಸಿಗೆಯಲ್ಲಿ ಮಲಗಿ, ನನ್ನ ಹುಡುಗರಿಗೆ ಮೀನು ಹುರಿದು ಹಾಕಿ, ನನ್ನ ಹಕ್ಕಿಗಳ ಹತ್ತಿರ ಹೋದರೆ ಅವು ಸುಮ್ಮನಿರುತ್ತವೆ! ಆ ಪತ್ರ ಬರೆದ ದಿನ ಚೆನ್ನಾಗಿ ನಿದ್ದೆ ಬಂತು ನನಗೆ. ಅದನ್ನು ನಿನಗೆ ಹೇಳಬೇಕು.

ಡಾ. ಲವಾಲೆಗೆ ಫೋನ್ ಮಾಡಿದೆ. ಪರವಾನಗಿಗೆ ನಿನ್ನ ಹೆಸರು ಸೇರಿಸಿ, ಕೆಲಸ ಕಲಿಸಿದ ಜವಾಬ್ದಾರಿ ನನ್ನದೆಂದು ಬರೆದುಕೊಡುತ್ತೇನೆ ಎಂದೆ. ಆಕೆ, "ಇದನ್ನ ಮೂರು ವಾರದ ಹಿಂದೆ ಹೇಳಿದ್ದರೆ?" ಎಂದರು. ಆದರೂ ಹೆಸರು ಸೇರಿಸಲು ಒಪ್ಪಿದರು.

ಎರಡನೆಯ ಸಲದ ಮರಿಗಳು ಇನ್ನೂ ನೀರಿನ ಮೇಲಿವೆ. ಕೊಲೆಟ್‌ಗೆ ಮರಿ ಹಿಡಿಯುವ ಕೈ ಇನ್ನೂ ಬಂದಿಲ್ಲ. ತಾರಸ್ ಒಬ್ಬನಿಂದ ಆಗುವುದಿಲ್ಲ. ನೀನು ಬರಬೇಕು. ನಾನು ದೋಣಿ ಹತ್ತುವುದಿಲ್ಲ, ಹತ್ತಲೂ ಆಗುವುದಿಲ್ಲ.

ಹಾಲ್ಡೋರಾ

*

ಲುಂಡಾರ್
ಜುಲೈ 20

ಹಾಲ್ಡೋರಾ,

ಶುಕ್ರವಾರದ ಬಸ್ಸಿಗೆ ಬರುತ್ತೇನೆ. ನಿನಗೋಸ್ಕರ ಅಲ್ಲ. ಕರೆದೊಯ್ಯಲು ತಾರಸ್ ಬರಲಿ, ನೀನು ಬರಬೇಡ. ನಿನ್ನ ಜೊತೆ ಕೆಲಸದ ಮಾತು ಮಾತ್ರ ಆಡುತ್ತೇನೆ. ಪರದೆ ಮುಟ್ಟಬೇಡ.

ರೂನಾ

*

ವಿನಿಪೆಗ್
ಅಕ್ಟೋಬರ್ 2

ರೂನಾ,

ಆಗಸ್ಟ್‌ನಲ್ಲಿ ಕ್ಯಾಂಪು ಮುಚ್ಚಿ ಹೊರಟಾಗ ನೀನು ತಾರಸ್‌ನನ್ನು ತಬ್ಬಿಕೊಂಡೆ, ಕೊಲೆಟ್‌ಳನ್ನು ತಬ್ಬಿಕೊಂಡೆ, ನನ್ನ ಊರುಗೋಲನ್ನು ವ್ಯಾನಿನೊಳಗೆ ಇಟ್ಟು ಬಾಗಿಲು ಹಾಕಿದೆ. ಸರಿಯಾಗಿಯೇ ಮಾಡಿದೆ.

ಡಾ. ಲವಾಲೆ ಇವತ್ತು ಮನೆಗೆ ಬಂದಿದ್ದರು. ಉಂಗುರಗಳ ಲೆಕ್ಕದಲ್ಲಿ ಈ ವರ್ಷದ ಗೆರೆಯನ್ನು ಕಾಗದದ ಮೇಲೆ ತೋರಿಸಿದರು. ಉಳಿದ ವರ್ಷಗಳ ಪಕ್ಕದಲ್ಲಿ ಮೋಟು ಗೆರೆ. ಹಕ್ಕಿಗಳು ತುಂಬಿ ತುಳುಕಿದ ಬೇಸಿಗೆಯಲ್ಲೇ ಅತಿ ಕಡಿಮೆ ಉಂಗುರ. ತಡವಾದ ಮರಿಗಳು ಸಿಕ್ಕಿದ್ದರಿಂದ ಅಷ್ಟಾದರೂ ಇದೆ, ಇಲ್ಲದಿದ್ದರೆ ಖಾಲಿ. ನಾವು ಸತ್ತ ಮೇಲೂ ಯಾರಾದರೂ ಇದನ್ನು ನೋಡಿ, "ಆ ವರ್ಷ ಏನಾಗಿತ್ತು?" ಎಂದು ಕೇಳುತ್ತಾರೆ. ಆಗಿದ್ದು ನಾನು.

ಮುಂದಿನ ವರ್ಷದಿಂದ ಕ್ಯಾಂಪು ಯಾರು ನಡೆಸಬೇಕೆಂದು ಕೇಳಿದರು. ನನ್ನ ಸೊಂಟ ದೋಣಿಗೆ ಸರಿಹೋಗುವುದಿಲ್ಲವೆಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ತಾರಸ್ ಓದು ಮುಗಿಸಿ ಹೋಗುತ್ತಾನೆ. ನಿನ್ನ ಹೆಸರು ಹೇಳಿದೆ. ಎರಡೂ ದಾರಿಗಳಲ್ಲಿ ಒಂದೊಂದು ವರ್ಷ ಹೋಗಿ ನೋಡಿ, ಆಗ ಹಳೆಯ ಲೆಕ್ಕಕ್ಕೂ ಹೊಸ ಲೆಕ್ಕಕ್ಕೂ ಗಂಟು ಹಾಕಬಹುದು ಎಂದೂ ಹೇಳಿದೆ. "ಒಳ್ಳೆಯದು" ಎಂದು ಆಕೆ ಎದ್ದರು.

ಬಾಗಿಲು ಹಾಕಿಕೊಂಡು ಸಂಜೆಯವರೆಗೆ ಕೂತಿದ್ದೆ. ನಿನ್ನ ಹೆಸರು ಹೇಳಿದರೆ ಹಗುರವಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ. ಬರುವ ಮೇ ತಿಂಗಳಲ್ಲಿ ನೀನು ದೋಣಿ ಬಿಚ್ಚುವುದನ್ನು ನೆನೆದರೆ ಈಗಲೂ ಉರಿಯುತ್ತದೆ. ಆದರೂ ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಇಷ್ಟೇ ನನ್ನ ಕೈಲಾಗುವುದು.

ಹಾಲ್ಡೋರಾ

*

ಲುಂಡಾರ್
ಅಕ್ಟೋಬರ್ 10

ಅಕ್ಕ,

ಒಪ್ಪಿಕೊಂಡೆನೆಂದು ಡಾ. ಲವಾಲೆಗೆ ಫೋನ್ ಮಾಡಿದೆ. ಒಂದು ಷರತ್ತು ಹಾಕಿದ್ದೇನೆ. ದಡದಲ್ಲಿ ಕೂರುವ ಮೂರನೆಯವಳು ನೀನೇ ಆಗಬೇಕು. "ಅಕ್ಕತಂಗಿಯರು ಒಬ್ಬರನ್ನೊಬ್ಬರು ತಿಂದುಹಾಕಲ್ಲ ತಾನೆ?" ಎಂದರು. "ಗ್ಯಾರಂಟಿ ಕೊಡೋಕಾಗಲ್ಲ" ಎಂದೆ.

ನಾನು ಎಲ್ಲ ಮರೆತೆನೆಂದು ತಿಳಿಯಬೇಡ. ಮರೆತಿಲ್ಲ. ಜುಲೈ ತಿಂಗಳಲ್ಲಿ ಉಂಗುರವಿಲ್ಲದ ಮರಿಯೊಂದು ಬೇಲಿಗಂಬದ ಮೇಲೆ ಕೂತು ರೆಕ್ಕೆ ಬಡಿಯುತ್ತಿದ್ದದ್ದನ್ನು ಬಸ್ಸಿನ ಕಿಟಕಿಯಿಂದ ನೋಡುತ್ತ ಊರಿಗೆ ಹೋದವಳು ನಾನು. ಆದರೆ ನೀನು ದೋಣಿಕಟ್ಟೆಯ ಮೇಲೆ ಕೂತು, ನನ್ನ ದಾರಿಯಲ್ಲಿ ಹಕ್ಕಿಗಳು ಬೇಗ ಇಳಿದದ್ದನ್ನು ನೋಡಿದೆ, ನೋಡಿದ್ದನ್ನು ಬರೆದೆ. ನಿನ್ನ ಜಾಗದಲ್ಲಿ ನಾನಿದ್ದಿದ್ದರೆ, ಕಂಡರೂ ಕಾಣಲಿಲ್ಲವೆಂದು ಬಿಡುತ್ತಿದ್ದೆನೇನೋ. ಗೊತ್ತಿಲ್ಲ.

ಹೊಟ್ಟೆ ಉರಿಯುತ್ತದೆ ಎಂದು ಬರೆದಿದ್ದೀಯ. ಉರಿಯಲಿ. ವಿನಿಪೆಗ್‌ನಲ್ಲಿ ಒಬ್ಬಳೇ ಕೂತು ಉರಿದುಕೊಂಡರೆ ಅದು ಲಕೋಟೆಯೊಳಗೆ ಸೇರಿ ಯಾರ ಕೈಗೋ ಹೋಗುತ್ತದೆ. ಕ್ಯಾಂಪಿಗೆ ಬಾ, ದಡದಲ್ಲಿ ಕೂತು ನನ್ನ ಕಣ್ಣೆದುರೇ ಉರಿದುಕೋ. ಕೂಗಿ ಬೈಯಿ. ನೀರಿನ ಮೇಲೆ ಮಾತು ಚೆನ್ನಾಗಿ ಕೇಳಿಸುತ್ತದೆ, ನಾನೂ ಅಲ್ಲಿಂದಲೇ ಉತ್ತರ ಕೊಡುತ್ತೇನೆ.

ರೂನಾ